ಪರದೇಶದ ತಾಯ್ತಂದೆಗಳೂ ಕಡಲಾಚೆಯ ಸೈನಿಕರೂ

ಹೊಟ್ಟೆಪಾಡಿಗಾಗಿ ಕಡಲು ದಾಟಿ ಹೋದವರ ವಿಷಯದಲ್ಲಿ ನಮ್ಮ ಜನರಲ್ಲಿ ಒಂದು ಸಾಮಾನ್ಯವಾದ ಭಾವನೆಯುಂಟು. ಅವರು ಕೈತುಂಬ ಸಂಪಾದಿಸುತ್ತಾರೆ, ಊರಿನಲ್ಲಿ ಮನೆ ಕಟ್ಟಿಸುತ್ತಾರೆ, ವರ್ಷಕ್ಕೊಮ್ಮೆ ಬಂದು ನೆಂಟರಿಷ್ಟರನ್ನು ನೋಡಿ ಹೋಗುತ್ತಾರೆ. ಅವರಿಗೇನು ಕಡಮೆ ಎಂಬುದೇ ಆ ಭಾವನೆ. ಈ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಪರದೇಶದಲ್ಲಿ ಮಕ್ಕಳನ್ನಿಟ್ಟುಕೊಂಡು ಸಂಸಾರ ನಡೆಸುವ ತಾಯ್ತಂದೆಗಳ ಮನಸ್ಸಿನ ಒಂದು ಮೂಲೆಯಲ್ಲಿ ಯಾವಾಗಲೂ ಅಡಗಿರುವ ಪ್ರಶ್ನೆಯೊಂದನ್ನು ನಾವು ಬಲ್ಲೆವು. ಈ ನಾಡಿನಲ್ಲಿ ಕ್ಷೋಭೆಯುಂಟಾದರೆ ಮಗುವನ್ನೆತ್ತಿಕೊಂಡು ಎಲ್ಲಿಗೆ ಹೋಗುವುದು? ಸ್ವದೇಶದಲ್ಲಿದ್ದವನಿಗೆ ಈ ಪ್ರಶ್ನೆಯು ಹುಟ್ಟುವುದೇ ಇಲ್ಲ. ಅವನಿಗೆ ಅಜ್ಜಿಯ ಮನೆಯುಂಟು, ಅತ್ತೆಯ ಮನೆಯುಂಟು. ಏನೂ ಇಲ್ಲದಿದ್ದರೆ ಗೊತ್ತಿರುವ ಭಾಷೆಯನ್ನಾಡುವ ಒಂದು ಹಳ್ಳಿಯಾದರೂ ಉಂಟು. ಪರದೇಶದಲ್ಲಿ ಬಾಗಿಲು ತಟ್ಟಬೇಕಾದರೆ ಯಾರ ಬಾಗಿಲೆಂಬುದೇ ತಿಳಿಯದು.

ಕಳೆದ ಎರಡು ದಶಕಗಳಲ್ಲಿ ಈ ಪ್ರಶ್ನೆಗೆ ಪುನಃ ಪುನಃ ಉತ್ತರ ಕೊಟ್ಟವರು ಸಮವಸ್ತ್ರ ಧರಿಸಿದ ಜನ. ನೌಕಾಪಡೆಯವರು, ವಿಮಾನಪಡೆಯವರು, ರಾಯಭಾರ ಕಚೇರಿಗಳಲ್ಲಿ ನಿಯುಕ್ತರಾದ ಸೇನಾಧಿಕಾರಿಗಳು, ಇವರೆಲ್ಲರೂ ತಮ್ಮ ಊರಿನಿಂದ ಸಾವಿರಾರು ಮೈಲಿ ದೂರದಲ್ಲಿ ನಿಂತು ಇತರರ ಮಕ್ಕಳನ್ನು ಕೈಹಿಡಿದು ದಾಟಿಸಿದ್ದಾರೆ. ಹೀಗೆ ದಾಟಿಬಂದ ತಾಯ್ತಂದೆಗಳಿಗೆ ಅವರಲ್ಲಿರುವ ಕೃತಜ್ಞತೆಯು ಎಂತಹದು, ಆ ಕೃತಜ್ಞತೆಯು ಅವರಿಂದಲೂ ನಮ್ಮೆಲ್ಲರಿಂದಲೂ ಏನನ್ನು ಬೇಡುತ್ತದೆ ಎಂಬುದನ್ನು ವಾಚಕರು ನಮ್ಮೊಡನೆ ವಿಚಾರ ಮಾಡಬೇಕೆಂದು ಕೋರುತ್ತೇವೆ.

ಮೊದಲು ನಡೆದ ಸಂಗತಿಗಳನ್ನು ನೋಡೋಣ. 2006ರ ಜುಲೈ ತಿಂಗಳಿನಲ್ಲಿ ಲೆಬನಾನಿನ ಮೇಲೆ ಯುದ್ಧವು ಎರಗಿದಾಗ ಬೇರೂತಿನ ವಿಮಾನ ನಿಲ್ದಾಣವು ಬಾಂಬುಗಳಿಗೆ ಸಿಕ್ಕಿ ನಿಂತುಹೋಯಿತು. ಅದೇ ಸಮಯಕ್ಕೆ ಭಾರತದ ನಾಲ್ಕು ನೌಕೆಗಳು ಮೆಡಿಟರೇನಿಯನ್ ಸಮುದ್ರದಲ್ಲಿ ಸಂಚಾರ ಮುಗಿಸಿ ಮನೆಯ ದಾರಿಯನ್ನು ಹಿಡಿದಿದ್ದುವು. ಮುಂಬೈ, ಬೇತ್ವಾ, ಬ್ರಹ್ಮಪುತ್ರ, ಶಕ್ತಿ ಎಂಬುವೇ ಆ ನೌಕೆಗಳು. ಅವುಗಳಿಗೆ ಹಿಂದಿರುಗುವಂತೆ ಅಪ್ಪಣೆಯಾಯಿತು. ತಿಂಗಳುಗಟ್ಟಲೆ ಕಡಲಿನ ಮೇಲಿದ್ದು ಊರಿಗೆ ಹೊರಟವರು ದಾರಿಯನ್ನು ತಿರುಗಿಸಿ ಯುದ್ಧದ ಕಡೆಗೆ ಹೋದರು. ಸುಮಾರು 2,280 ಜನರು ಆ ಹಡಗುಗಳಲ್ಲಿ ಬೇರೂತಿನಿಂದ ಸೈಪ್ರಸ್ ದ್ವೀಪದ ಲಾರ್ನಕಾ ಎಂಬ ಬಂದರಿಗೆ ಸುರಕ್ಷಿತವಾಗಿ ಬಂದು ಸೇರಿದರು. ಅವರಲ್ಲಿ ಭಾರತೀಯರಲ್ಲದೆ ಸಿಂಹಳದವರೂ ನೇಪಾಳದವರೂ ಇದ್ದರು.

2015ನೆಯ ಇಸವಿಯ ಮಾರ್ಚಿ 26ರಂದು ಯೆಮನ್ ದೇಶದ ಮೇಲೆ ವಿಮಾನದಾಳಿಯು ಆರಂಭವಾಯಿತು. ಆ ದೇಶದಲ್ಲಿ ಭಾರತದ ದಾದಿಯರು, ಶಿಕ್ಷಕರು, ಕೂಲಿಕಾರರು, ವ್ಯಾಪಾರಸ್ಥರು ಸಾವಿರಗಟ್ಟಲೆ ಇದ್ದರು, ಸಂಸಾರವಂದಿಗರೂ ಅನೇಕರಿದ್ದರು. ಏಡನ್ ಕೊಲ್ಲಿಯಲ್ಲಿ ಕಡಲುಗಳ್ಳರ ಮೇಲೆ ಕಣ್ಣಿಟ್ಟು ತಿರುಗುತ್ತಿದ್ದ ‘ಸುಮಿತ್ರಾ’ ಎಂಬ ಕಾವಲು ನೌಕೆಯನ್ನು ಏಡನ್ ಬಂದರಿಗೆ ತಿರುಗಿಸಲಾಯಿತು. ಮಾರ್ಚಿ 31ರ ರಾತ್ರಿ ಅದು 349 ಮಂದಿಯನ್ನು ಹತ್ತಿಸಿಕೊಂಡು ಎದುರು ದಡದ ಜಿಬೂತಿಗೆ ಹೊರಟಿತು. ಇದು ಪ್ರಯಾಣಿಕರಿಗಾಗಿ ಕಟ್ಟಿದ ಹಡಗಲ್ಲ. ಅದರ ಸ್ವಂತ ಸಿಬ್ಬಂದಿಗಿಂತ ಹತ್ತಿಕೊಂಡವರ ಸಂಖ್ಯೆಯೇ ಹೆಚ್ಚು. ಅಂತಹ ಹಡಗಿನಲ್ಲಿ ಒಂದು ಮಗುವಿಗೆ ಮಲಗಲು ಸ್ಥಳ ಸಿಕ್ಕಿತೆಂದರೆ ಅದು ಯಾವನೋ ಒಬ್ಬ ನಾವಿಕನು ಬಿಟ್ಟುಕೊಟ್ಟ ಸ್ಥಳವಾಗಿರಬೇಕು. ಒಂದು ಲೋಟ ಹಾಲು ಸಿಕ್ಕಿತೆಂದರೆ ಅದು ನಾವಿಕರ ಅಡಿಗೆಮನೆಯದೇ ಆಗಿರಬೇಕು. ಅನಂತರ ‘ಮುಂಬೈ’, ‘ತರ್ಕಶ್’ ಎಂಬ ನೌಕೆಗಳೂ ಬಂದುವು. ಗುಂಡಿನ ಹಾವಳಿಯ ದೆಸೆಯಿಂದ ‘ಮುಂಬೈ’ ನೌಕೆಯು ಏಡನ್ ಬಂದರಿನ ಒಳಗೆ ಹೋಗಲಾರದೆ ಹೊರಗೆ ನಿಂತಿತು. ಜನರನ್ನು ಚಿಕ್ಕ ದೋಣಿಗಳಲ್ಲಿ ಅದರ ಬಳಿಗೆ ಕರೆತರಬೇಕಾಯಿತು. ಜಿಬೂತಿಯಿಂದ ಮುಂದಕ್ಕೆ ವಿಮಾನಪಡೆಯ ದೊಡ್ಡ ವಿಮಾನಗಳು ಅವರನ್ನು ಕೊಚ್ಚಿಗೂ ಮುಂಬಯಿಗೂ ತಂದುವು. ಯೆಮನಿನ ರಾಜಧಾನಿಯಾದ ಸನಾದಿಂದ ಏರ್ ಇಂಡಿಯಾದ ವಿಮಾನಗಳು, ಹಾರಾಟಕ್ಕೆ ಅನುಮತಿ ದೊರೆತ ಕೆಲವೇ ಗಂಟೆಗಳ ಅವಧಿಯಲ್ಲಿ, ಜನರನ್ನು ಹೊತ್ತುವು. ಒಟ್ಟಿನಲ್ಲಿ 4,640 ಭಾರತೀಯರೂ 41 ದೇಶಗಳಿಗೆ ಸೇರಿದ 960 ಪರಕೀಯರೂ ಪಾರಾದರು.

ಮೂರನೆಯ ಸಂಗತಿಯು ನಮ್ಮ ನಾಡಿಗೆ ಇನ್ನೂ ಸಮೀಪದ್ದು. 2023ರ ಏಪ್ರಿಲ್ 15ರಂದು ಸುಡಾನ್ ದೇಶದಲ್ಲಿ ಎರಡು ಸೇನೆಗಳೊಳಗೆ ಕಾಳಗ ಹತ್ತಿಕೊಂಡಿತು. ಆಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಜನರಿದ್ದರು. ಹುಣಸೂರು, ಶಿವಮೊಗ್ಗ, ಚನ್ನಗಿರಿಯ ಸುತ್ತುಮುತ್ತಿನ ಹಾಡಿಗಳಿಂದ ಗಿಡಮೂಲಿಕೆಯ ಎಣ್ಣೆಗಳನ್ನು ಹೊತ್ತು ಆಫ್ರಿಕಾ ಖಂಡದ ಊರೂರು ತಿರುಗುವ ಈ ಜನರ ಸಾಹಸವನ್ನು ನಮ್ಮ ಪಟ್ಟಣವಾಸಿಗಳು ಅಷ್ಟಾಗಿ ತಿಳಿದವರಲ್ಲ. ಡಾರ್ಫುರ್ ಪ್ರಾಂತ್ಯದ ಅಲ್ ಫಾಶಿರ್ ಎಂಬ ದೂರದ ಊರಿನಲ್ಲಿ ಅವರಲ್ಲಿ 31 ಮಂದಿ ಅನ್ನ ನೀರಿಗೆ ಕಷ್ಟಪಡುತ್ತಿರುವರೆಂಬ ವರ್ತಮಾನವು ಬಂದ ಮೇಲೆಯೇ ನಾಡಿನ ಗಮನವು ಅವರ ಕಡೆಗೆ ಹರಿಯಿತು. ಕೇಂದ್ರ ಸರ್ಕಾರದವರು ಏಪ್ರಿಲ್ 24ರಂದು ಆರಂಭಿಸಿದ ಕಾರ್ಯಾಚರಣೆಗೆ ನಮ್ಮ ನದಿಯಾದ ಕಾವೇರಿಯ ಹೆಸರನ್ನೇ ಇಟ್ಟರು. ಅಡ್ಡಿ ಆತಂಕಗಳನ್ನು ದಾಟಿ ಕಡಲನ್ನು ಸೇರಿಯೇ ತೀರುವುದು ನದಿಯ ಗುಣವೆಂಬುದು ಆ ಹೆಸರಿನ ಭಾವ. ‘ಸುಮೇಧಾ’ ಎಂಬ ನೌಕೆಯು ಸುಡಾನ್ ರೇವಿನಿಂದ ಮೊದಲನೆಯ ತಂಡದ 278 ಜನರನ್ನು ಜೆದ್ದಾಕ್ಕೆ ತಂದಿತು. ರಾಜಧಾನಿಯಾದ ಖಾರ್ತೂಮಿನಿಂದ ಆ ರೇವಿಗೆ ಸುಮಾರು 850 ಕಿಲೋಮೀಟರುಗಳ ದಾರಿ. ಆ ದಾರಿಯನ್ನು ಜನರು ಬಸ್ಸುಗಳಲ್ಲಿ, ಜೀವವನ್ನು ಕೈಯಲ್ಲಿ ಹಿಡಿದುಕೊಂಡು ದಾಟಿದರು.

ಆದರೆ ರೇವಿಗೆ ಹೋಗಲು ಗತಿಯೇ ಇಲ್ಲದವರೂ ಇದ್ದರು. ಅವರಲ್ಲಿ ರೋಗಿಗಳಿದ್ದರು, ಒಬ್ಬ ಗರ್ಭಿಣಿಯಿದ್ದಳು. ಅವರಿಗಾಗಿ ಏಪ್ರಿಲ್ 27ರ ರಾತ್ರಿ ವಿಮಾನಪಡೆಯವರು ಮಾಡಿದ ಕೆಲಸವನ್ನು ಇಲ್ಲಿ ಕೊಂಚ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಖಾರ್ತೂಮಿನ ಉತ್ತರಕ್ಕೆ ಸುಮಾರು 40 ಕಿಲೋಮೀಟರು ದೂರದ ವಾದಿ ಸೈಯದ್ನಾ ಎಂಬಲ್ಲಿ ಒಂದು ಕೆಟ್ಟುಹೋದ ಓಡುದಾರಿಯಿತ್ತು. ಅಲ್ಲಿ ದೀಪವಿಲ್ಲ, ವಿಮಾನಕ್ಕೆ ದಾರಿ ತೋರಿಸುವ ಯಾವ ಸಾಧನವೂ ಇಲ್ಲ, ಇಂಧನವೂ ಇಲ್ಲ. ಕತ್ತಲೆಯಲ್ಲಿ ಕಾಣಿಸುವ ಕನ್ನಡಕಗಳನ್ನು ಧರಿಸಿ, ಓಡುದಾರಿಯ ಮೇಲೆ ಅಡೆತಡೆಗಳಿಲ್ಲವೆಂಬುದನ್ನು ಮೇಲಿನಿಂದಲೇ ನೋಡಿಕೊಂಡು, ಚಾಲಕರು ವಿಮಾನವನ್ನು ಇಳಿಸಿದರು. ಇಳಿದ ಮೇಲೂ ಯಂತ್ರಗಳನ್ನು ನಿಲ್ಲಿಸಲಿಲ್ಲ. ಗರುಡ ದಳದ ಎಂಟು ಮಂದಿ ಯೋಧರು ಇಳಿದು, ಕಾದಿದ್ದ ಜನರನ್ನೂ ಅವರ ಗಂಟುಮೂಟೆಗಳನ್ನೂ ಜೋಪಾನವಾಗಿ ಒಳಕ್ಕೆ ಸೇರಿಸಿದರು. ಇಳಿದಂತೆಯೇ ದೀಪವಿಲ್ಲದ ಓಡುದಾರಿಯಿಂದ ವಿಮಾನವು ಮೇಲೆದ್ದಿತು. 121 ಜೀವಗಳು ಆ ರಾತ್ರಿ ಪಾರಾದುವು. ಮೇ ತಿಂಗಳ ಮೊದಲ ವಾರದಲ್ಲಿ ಕಾರ್ಯವು ಮುಗಿಯುವ ವೇಳೆಗೆ ಒಟ್ಟು 3,862 ಮಂದಿ ಸುಡಾನಿನಿಂದ ಹೊರಬಂದಿದ್ದರು.

ಇವಿಷ್ಟು ಸಂಗತಿಗಳು. ಈಗ ಇವುಗಳ ಅರ್ಥವನ್ನು ವಿಚಾರಿಸೋಣ. ತನ್ನ ಪ್ರಾಣವನ್ನುಳಿಸಿದವನಿಗೆ ಮನುಷ್ಯನು ಕೃತಜ್ಞನಾಗಿರುವುದು ಸಹಜ. ಆದರೆ ತನ್ನ ಮಗುವಿನ ಪ್ರಾಣವನ್ನುಳಿಸಿದವನ ವಿಷಯದಲ್ಲಿ ಉಂಟಾಗುವ ಭಾವವು ಬೇರೆಯೇ ಜಾತಿಯದು. ತನ್ನ ಮಟ್ಟಿಗೆ ಮನುಷ್ಯನು ಹೇಗೋ ಸಮಾಧಾನ ಹೇಳಿಕೊಳ್ಳಬಲ್ಲನು. ಸಂಬಳದ ಆಸೆಗೆ ಬಂದೆ, ಬಂದದ್ದನ್ನು ಅನುಭವಿಸುತ್ತೇನೆ ಎಂದುಕೊಳ್ಳಬಲ್ಲನು. ಮಗುವಾದರೋ ಯಾವ ಆಸೆಗೂ ಬಂದದ್ದಲ್ಲ, ತಾಯ್ತಂದೆಗಳು ಕರೆದುತಂದದ್ದು. ಆದಕಾರಣ ಗುಂಡಿನ ಸದ್ದು ಕೇಳಿದಾಗ ಅವರ ಹೆದರಿಕೆಯೊಡನೆ, ತಾವೇ ಇದಕ್ಕೆ ಕಾರಣರೆಂಬ ಕೊರಗೂ ಬೆರೆತಿರುತ್ತದೆ. ಹಡಗಿನ ಏಣಿಯ ಬಳಿ ನಿಂತು ಆ ಮಗುವನ್ನು ಎರಡು ಕೈಗಳಿಂದ ಈಸಿಕೊಳ್ಳುವ ನಾವಿಕನು ಹೆದರಿಕೆಯನ್ನು ಮಾತ್ರವಲ್ಲ, ಕೊರಗನ್ನೂ ಇಳಿಸುತ್ತಾನೆ. ಈ ಉಪಕಾರಕ್ಕೆ ಬೆಲೆ ಕಟ್ಟುವವರಾರು?

ಆ ನಾವಿಕನೂ ತಂದೆಯಾಗಿರಬಹುದೆಂಬುದನ್ನು ನಾವು ಮರೆಯಬಾರದು. ಅವನ ಮಗುವು ಧಾರವಾಡದಲ್ಲಿಯೋ ಗಢವಾಲದಲ್ಲಿಯೋ ಆಲಪ್ಪುಳದಲ್ಲಿಯೋ ಅಜ್ಜ ಅಜ್ಜಿಯರ ಬಳಿ ಬೆಳೆಯುತ್ತಿರುತ್ತದೆ. ಪರದೇಶದಲ್ಲಿ ದುಡಿಯುವವನು ಮಗುವನ್ನು ಜೊತೆಯಲ್ಲಿರಿಸಿಕೊಂಡು ಅಪಾಯಕ್ಕೆ ಅಂಜುತ್ತಾನೆ. ಪರದೇಶದಲ್ಲಿ ಸೇವೆ ಮಾಡುವ ಸೈನಿಕನು ಮಗುವನ್ನು ಊರಿನಲ್ಲಿ ಬಿಟ್ಟು ಅಪಾಯದೆಡೆಗೆ ನಡೆಯುತ್ತಾನೆ. ಒಬ್ಬ ತಂದೆಯ ಮಗುವು ತಂದೆಯ ತೋಳಿನಲ್ಲಿ ನೆಮ್ಮದಿಯಾಗಿ ನಿದ್ದೆಹೋಗಬೇಕಾದರೆ ಇನ್ನೊಬ್ಬ ತಂದೆಯ ಮಗುವು ತಂದೆಯಿಲ್ಲದೆ ನಿದ್ದೆಹೋಗಬೇಕಾಗಿದೆ. ನಾವು ಹೇಳಬೇಕೆಂದಿರುವ ಮುಖ್ಯವಾದ ಮಾತು ಇದೇ. ಈ ಋಣವು ಪ್ರಜೆಯೊಬ್ಬನು ಸರ್ಕಾರಕ್ಕೆ ಸಲ್ಲಿಸಬೇಕಾದ ಋಣವಲ್ಲ. ಒಂದು ಮನೆಯು ಇನ್ನೊಂದು ಮನೆಗೆ ತೀರಿಸಬೇಕಾದ ಋಣ.

ಪರದೇಶದಲ್ಲಿ ನೆಲೆಸಿದ ಸೈನಿಕರ ಸೇವೆಯು ನಮ್ಮ ಜನರನ್ನು ಕರೆತರುವುದಕ್ಕೇ ಮುಗಿಯುವುದಿಲ್ಲ. ವಿಶ್ವಸಂಸ್ಥೆಯ ಶಾಂತಿಪಾಲನೆಯ ಕಾರ್ಯಕ್ಕೆ ಭಾರತವು ಇದುವರೆಗೆ 2 ಲಕ್ಷ 90 ಸಾವಿರಕ್ಕೂ ಹೆಚ್ಚು ಜನರನ್ನು ಕಳುಹಿಸಿದೆ. ಅವರಲ್ಲಿ 170ಕ್ಕೂ ಮಿಕ್ಕ ಜನರು ಹಿಂದಿರುಗಿ ಬರಲಿಲ್ಲ. ಬೇರೂತಿನಿಂದ ಬಂದವರು ಇಳಿದ ಲಾರ್ನಕಾ ಬಂದರಿನ ಹೆಸರನ್ನು ಮೇಲೆ ಹೇಳಿದೆವು. ಆ ಊರಿನ ಒಂದು ರಸ್ತೆಗೆ ಕೊಡಗಿನ ವೀರರಾದ ಜನರಲ್ ಕೆ. ಎಸ್. ತಿಮ್ಮಯ್ಯನವರ ಹೆಸರಿದೆ. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಈ ಮಹನೀಯರು ಕೊರಿಯಾ ಯುದ್ಧದ ತರುವಾಯ, 1953ರಲ್ಲಿ, ಊರಿಗೆ ಮರಳಲೊಪ್ಪದ ಸೆರೆಯಾಳುಗಳ ವಿಚಾರವನ್ನು ನೋಡಿಕೊಂಡ ತಟಸ್ಥ ರಾಷ್ಟ್ರಗಳ ಮಂಡಲಿಗೆ ಅಧ್ಯಕ್ಷರಾಗಿದ್ದರು. 1964ರಲ್ಲಿ, ಗ್ರೀಕರಿಗೂ ತುರುಕರಿಗೂ ನಡುವೆ ವೈರವು ಹೊತ್ತಿ ಉರಿಯುತ್ತಿದ್ದ ಸೈಪ್ರಸ್ಸಿನಲ್ಲಿ ಶಾಂತಿಪಡೆಯ ನಾಯಕತ್ವವನ್ನು ವಹಿಸಿಕೊಂಡರು. 1965ರ ಡಿಸೆಂಬರ್ 18ರಂದು, ಆ ಕೆಲಸದಲ್ಲಿರುವಾಗಲೇ, ಆ ನೆಲದಲ್ಲಿಯೇ ತೀರಿಕೊಂಡರು. ಅವರ ದೇಹವು ಬೆಂಗಳೂರಿಗೆ ಬಂದಿತು. ಸೈಪ್ರಸ್ಸಿನವರು ಮರುವರ್ಷ ಅವರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿದರು. ಎರಡು ಪಂಗಡದವರೂ ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸುವಂತಾಗಲೆಂದು ಮೂರನೆಯ ದೇಶದವನೊಬ್ಬನು ಬಂದು ಪ್ರಾಣ ಸವೆಸಿದನೆಂಬುದನ್ನು ಅವರು ಮರೆತಿಲ್ಲ.

ಇನ್ನೂ ಈಚಿನ ನಿದರ್ಶನವೂ ಉಂಟು. 2013ರ ಡಿಸೆಂಬರ್ ತಿಂಗಳಿನಲ್ಲಿ ದಕ್ಷಿಣ ಸುಡಾನಿನ ಅಕೋಬೋ ಎಂಬಲ್ಲಿದ್ದ ವಿಶ್ವಸಂಸ್ಥೆಯ ಠಾಣ್ಯಕ್ಕೆ ಪ್ರಾಣಭಯದಿಂದ ಓಡಿಬಂದ ನಾಗರಿಕರು ಆಶ್ರಯವನ್ನು ಪಡೆದಿದ್ದರು. ಅಸಂಖ್ಯಾತರಾದ ಶಸ್ತ್ರಧಾರಿಗಳು ಆ ಠಾಣ್ಯದ ಮೇಲೆ ಬಿದ್ದರು. ಕಾವಲಿನಲ್ಲಿದ್ದ ಭಾರತದ ಸೈನಿಕರು ಬೆರಳೆಣಿಕೆಯವರು. ಅವರಲ್ಲಿ ಇಬ್ಬರು ಅಲ್ಲಿಯೇ ಮಡಿದರು. ಆಶ್ರಯ ಪಡೆದವರು ಅವರ ದೇಶದವರಲ್ಲ, ಭಾಷೆಯವರಲ್ಲ, ಅವರ ಹೆಸರು ಕೂಡ ಇವರಿಗೆ ತಿಳಿಯದು. ಬಾಗಿಲಿಗೆ ಬಂದವರನ್ನು ಕೈಬಿಡಬಾರದೆಂಬುದೊಂದೇ ಇವರು ಬಲ್ಲ ನಿಯಮ.

ಇಲ್ಲಿಯೇ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಸೈನಿಕನಿಗೆ ಕೃತಜ್ಞತೆ ಹೇಳುವುದೆಂದರೆ ಯುದ್ಧವನ್ನು ಹೊಗಳುವುದಲ್ಲ. ಪರದೇಶದಲ್ಲಿ ಮಕ್ಕಳನ್ನು ಸಾಕುವವರಿಗಿಂತ ಹೆಚ್ಚಾಗಿ ಯುದ್ಧವನ್ನು ದ್ವೇಷಿಸುವವರು ಯಾರೂ ಇರಲಾರರು. ಅವರು ಕೈಮುಗಿಯುವುದು ಸೈನಿಕನ ತೋಳಿನ ಬಲಕ್ಕೆ, ಆ ತೋಳು ಅಂದು ಎತ್ತಿಕೊಂಡದ್ದು ಮಗುವನ್ನು ಎಂಬ ಕಾರಣಕ್ಕೆ. ಈ ಕೃತಜ್ಞತೆಯು ಬಾವುಟದ ಬಣ್ಣವನ್ನು ಕೂಡ ನೋಡುವುದಿಲ್ಲ. 2015ರಲ್ಲಿ ಯೆಮನಿನ ಮುಕಲ್ಲಾ ಎಂಬ ಊರಿನಲ್ಲಿ ಸಿಕ್ಕಿಕೊಂಡಿದ್ದ 11 ಮಂದಿ ಭಾರತೀಯರನ್ನು ಹಡಗಿಗೆ ಹತ್ತಿಸಿಕೊಂಡದ್ದು ಪಾಕಿಸ್ತಾನದ ನೌಕಾಪಡೆ. ಅವರನ್ನು ಕರಾಚಿಗೆ ಕರೆದೊಯ್ದು ಅಲ್ಲಿಂದ ದೆಹಲಿಗೆ ಕಳುಹಿಸಿಕೊಟ್ಟರು. ಅದೇ ದಿನಗಳಲ್ಲಿ ಪಾಕಿಸ್ತಾನದ ಕೆಲವರು ನಮ್ಮ ಹಡಗನ್ನು ಹತ್ತಿ ಪಾರಾದರು. ಗಡಿಯಲ್ಲಿ ಎದುರುಬದುರಾಗಿ ನಿಲ್ಲುವ ಎರಡು ಪಡೆಗಳು ಮೂರನೆಯವರ ರೇವಿನಲ್ಲಿ ಒಂದೇ ಧರ್ಮವನ್ನು ಪಾಲಿಸಿದುವು. ಈ ಸಂಗತಿಯು ಅಷ್ಟಾಗಿ ಪ್ರಸಿದ್ಧಿಗೆ ಬರದಿರುವುದು ವ್ಯಸನಕರ.

ಅವರು ಸಂಬಳ ಪಡೆಯುವವರಲ್ಲವೇ, ಅಪ್ಪಣೆಯಾದದ್ದನ್ನು ಮಾಡಿದರು, ಇದರಲ್ಲಿ ಋಣವೆಂಬುದೇನು ಎಂದು ಕೆಲವರು ಕೇಳಬಹುದು. ಅಪ್ಪಣೆಯು ಹಡಗನ್ನು ರೇವಿಗೆ ಕಳುಹಿಸಬಲ್ಲದು, ನಿಜ. ಅಳುವ ಮಗುವನ್ನು ಸಮಾಧಾನಪಡಿಸಬೇಕೆಂದು ಯಾವ ಅಪ್ಪಣೆಯಲ್ಲಿಯೂ ಬರೆದಿರುವುದಿಲ್ಲ. ಕೆಟ್ಟ ಓಡುದಾರಿಯನ್ನು ಕಂಡು ಇಳಿಯಲು ಸಾಧ್ಯವಿಲ್ಲವೆಂದು ಹಿಂದಿರುಗಿದ್ದರೆ ಆ ಚಾಲಕರನ್ನು ಯಾರೂ ದೂರುತ್ತಿರಲಿಲ್ಲ. ಕರ್ತವ್ಯದ ಗೆರೆಯು ಮುಗಿದ ಮೇಲೂ ಮನುಷ್ಯನು ಮುಂದಕ್ಕೆ ಇಡುವ ಹೆಜ್ಜೆಯೊಂದುಂಟು. ಅದಕ್ಕೆ ಯಾವ ಖಜಾನೆಯಿಂದಲೂ ಸಂಬಳ ಸಲ್ಲುವುದಿಲ್ಲ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆಂಬ ಗಾದೆಯು ನಮ್ಮಲ್ಲಿಯೇ ಹುಟ್ಟಿದ್ದು. ವಿಮಾನ ನಿಲ್ದಾಣದಲ್ಲಿ ಜಯಘೋಷ ಮಾಡಿ, ಹಾರ ಹಾಕಿ, ವಾರದೊಳಗೆ ಮರೆತುಬಿಡುವುದು ಆ ಗಾದೆಯನ್ನು ನಿಜಮಾಡಿದಂತೆಯೇ ಸರಿ. ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಪರದೇಶದಲ್ಲಿರುವವರ ವಿಷಯ. ಯೆಮನಿನಲ್ಲಿದ್ದ ಭಾರತೀಯರಿಗೆ ಹೊರಟುಬರುವಂತೆ 2015ರ ಜನವರಿಯಿಂದಲೇ ಎಚ್ಚರಿಕೆಯು ಸಂದಿತ್ತು. ಅನೇಕರು ಹೊರಡಲಿಲ್ಲ. ತಡಮಾಡಿದ ಒಂದೊಂದು ದಿನವೂ ಕರೆತರಲು ಬರುವವನ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದನ್ನು ಶಕ್ತರಾದವರು ನೆನಪಿನಲ್ಲಿಡಬೇಕು. ರಾಯಭಾರ ಕಚೇರಿಯಲ್ಲಿ ತಮ್ಮ ಹೆಸರನ್ನೂ ಮಕ್ಕಳ ಹೆಸರನ್ನೂ ದಾಖಲು ಮಾಡಿಸುವುದು, ಅಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ನೋಂದಾಯಿಸಿ ರಹದಾರಿಯನ್ನು ಮಾಡಿಸಿಡುವುದು, ಇವು ಸಣ್ಣ ಕೆಲಸಗಳು. ಕಾಗದವಿಲ್ಲದ ಒಂದು ಮಗುವಿನಿಂದ ಇಡೀ ಸಂಸಾರವು ರೇವಿನಲ್ಲಿ ನಿಲ್ಲಬೇಕಾದೀತು. ಅವರೊಡನೆ ಹಡಗೂ ನಿಲ್ಲಬೇಕಾದೀತು. ಬೆಂಕಿ ಬಿದ್ದಾಗ ಬಾವಿ ತೋಡುವ ಅಭ್ಯಾಸವನ್ನು ಬಿಡುವುದೇ ಸೈನಿಕನಿಗೆ ಸಲ್ಲಿಸಬಹುದಾದ ಮೊದಲನೆಯ ವಂದನೆ.

ಎರಡನೆಯದಾಗಿ, ಹೊರಡಲಾರದವರ ವಿಷಯ. ಸಾಲ ಮಾಡಿ ಕಡಲು ದಾಟಿದವನು ಬರಿಗೈಯಲ್ಲಿ ಊರಿಗೆ ಬರಲಾರನು. ರಹದಾರಿಯನ್ನು ಯಜಮಾನನ ಕೈಗೆ ಕೊಟ್ಟವನು ಮನಸ್ಸಿದ್ದರೂ ಹೊರಡಲಾರನು. ಇಂತಹವರನ್ನು ಎಚ್ಚರಿಕೆಯನ್ನು ಕೇಳದವರೆಂದು ಜರೆಯುವುದು ಅನ್ಯಾಯ. ಹಾಡಿಯಿಂದ ಯಾರು ಯಾವ ದೇಶಕ್ಕೆ ಹೋದರೆಂಬ ಲೆಕ್ಕವು ಜಿಲ್ಲೆಯ ಅಧಿಕಾರಿಗಳ ಬಳಿ ಇರಬೇಕು. ಅಪಾಯಕಾಲದಲ್ಲಿ ಹುಡುಕುವ ಕೆಲಸವನ್ನೆಲ್ಲ ಸೈನಿಕನ ತಲೆಯ ಮೇಲೆ ಹೊರಿಸಿ, ಶಾಂತಿಕಾಲದಲ್ಲಿ ಸರ್ಕಾರದವರು ಸುಮ್ಮನಿರುವುದು ಸಲ್ಲದು.

ಮೂರನೆಯದಾಗಿ, ಊರಿನಲ್ಲಿ ನೆಮ್ಮದಿಯಾಗಿರುವ ನಮ್ಮ ನಿಮ್ಮ ವಿಷಯ. ಕಡಲಾಚೆಯಲ್ಲಿರುವ ಸೈನಿಕನ ಮುದಿ ತಂದೆಯು ಪಹಣಿಯ ಒಂದು ತಿದ್ದುಪಡಿಗಾಗಿ ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ದಿನಗಟ್ಟಲೆ ಕುಳಿತಿರುವುದುಂಟು. ಅವನ ಹೆಂಡತಿಯು ಮಗುವನ್ನು ಶಾಲೆಗೆ ಸೇರಿಸಲು ಒಂದು ದಾಖಲೆಪತ್ರಕ್ಕಾಗಿ ಅಲೆಯುವುದುಂಟು. ಆ ಅರ್ಜಿಯನ್ನು ಅಂದೇ ನೋಡಿ ಕಳುಹಿಸುವ ಗುಮಾಸ್ತನು ಯಾವ ದೇಶಭಕ್ತಿಯ ಭಾಷಣವನ್ನೂ ಮಾಡಬೇಕಾದುದಿಲ್ಲ. ಪ್ರತಿ ಜಿಲ್ಲೆಯ ಸೈನಿಕ ಕಲ್ಯಾಣದ ಕಚೇರಿಯಿಂದ ಡಿಸೆಂಬರ್ 7ರಂದು ಧ್ವಜದಿನದ ಚೀಟಿಗಳು ಬರುತ್ತವೆ. 1949ರಿಂದಲೂ ನಡೆದುಬಂದಿರುವ ಪದ್ಧತಿಯಿದು. ಮಡಿದವರ ಸಂಸಾರಗಳಿಗೂ ಅಂಗವಿಕಲರಾದವರಿಗೂ ಆ ಹಣವು ಸಲ್ಲುತ್ತದೆ. ಚಿಲ್ಲರೆ ಕಾಸನ್ನು ಡಬ್ಬಿಗೆ ಹಾಕಿ ಚೀಟಿಯನ್ನು ಎದೆಗೆ ಚುಚ್ಚಿಕೊಂಡರೆ ಋಣ ತೀರಿತೆಂದು ಭಾವಿಸುವವರು, ಏಡನ್ನಿನಲ್ಲಿ ಒಂದು ಮಗುವನ್ನು ಹಡಗಿಗೆ ಹತ್ತಿಸಿದ ಬೆಲೆಯೇನೆಂದು ಆ ಮಗುವಿನ ತಾಯಿಯನ್ನು ಕೇಳಲಿ.

ಪರದೇಶದಿಂದ ಪಾರಾಗಿ ಬಂದ ಸಂಸಾರಗಳು ಕನ್ನಡನಾಡಿನಲ್ಲಿ ಅನೇಕವಿವೆ. ತಮ್ಮನ್ನು ದಾಟಿಸಿದವರ ಹೆಸರು ಅವರಿಗೆ ತಿಳಿಯದು. ತಿಳಿದು ಹೋಗಿ ಕಾಣುವ ಸಂಭವವೂ ಕಡಮೆ. ಆದರೆ ಅವರವರ ಊರಿನಲ್ಲಿಯೇ ಸೈನಿಕನ ಮನೆಯೊಂದಿದೆ, ಆ ಮನೆಯಲ್ಲಿ ತಂದೆಯ ದಾರಿಯನ್ನು ನೋಡುವ ಮಗುವೊಂದಿದೆ. ಆ ಮನೆಯ ಕಷ್ಟಸುಖಗಳನ್ನು ವಿಚಾರಿಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಪಾರಾಗಿ ಬಂದವರು ಮೊದಲು ಹೋಗಲಿ. ಪಾರಾಗಬೇಕಾದ ಕಷ್ಟವೇ ಒದಗದ ನಾವೆಲ್ಲರೂ ಅವರ ಹಿಂದೆಯೇ ಹೋಗೋಣ.